ಕೊಳಚೆಯೊಳಗಿನ ಕಸುವು

ನದಿಯಲ್ಲಿ ಮೀನುಗಳು ಸತ್ತು ತೇಲುವುದನ್ನು ಕಂಡಾಗ, ನೀರಿಗೆ ವಿಷ ಬೆರೆತಿರಬೇಕೆಂದು ನಾವು ಶಂಕಿಸುತ್ತೇವೆ. ಆದರೆ ಎಷ್ಟೋ ಸಂದರ್ಭಗಳಲ್ಲಿ ಅವುಗಳ ಸಾವಿಗೆ ಕಾರಣ ವಿಷವಲ್ಲ, ಉಸಿರುಗಟ್ಟುವಿಕೆ. ಸಕ್ಕರೆ, ಮದ್ಯ, ಹಾಲಿನ ಪದಾರ್ಥ ಮೊದಲಾದವುಗಳನ್ನು ತಯಾರಿಸುವ ಕಾರ್ಖಾನೆಗಳ ಕೊಳಚೆನೀರಿನಲ್ಲಿ ಸಾವಯವ ವಸ್ತುಗಳು ಹೇರಳವಾಗಿ ಕರಗಿರುತ್ತವೆ. ಈ ನೀರು ನದಿಯನ್ನು ಸೇರಿದೊಡನೆ ಅಸಂಖ್ಯ ಸೂಕ್ಷ್ಮಜೀವಿಗಳು ಆ ವಸ್ತುಗಳನ್ನು ಉಣ್ಣತೊಡಗುತ್ತವೆ. ಉಣ್ಣುವ ಜೀವಿ ಉಸಿರಾಡಲೂ ಬೇಕಷ್ಟೆ! ನೀರಿನಲ್ಲಿದ್ದ ಅಲ್ಪ ಆಮ್ಲಜನಕವನ್ನು ಅವು ಬರಿದುಮಾಡಿದರೆ ಮೀನುಗಳಿಗೆ ಉಳಿಯುವುದೇನು?

ಆದುದರಿಂದ ಕಾರ್ಖಾನೆಯ ನೀರನ್ನು ಶುದ್ಧಿಗೊಳಿಸಿಯೇ ಹೊರಬಿಡಬೇಕು. ಬಹುವಾಗಿ ಬಳಕೆಯಲ್ಲಿರುವ ಕ್ರಮವೊಂದರಲ್ಲಿ ನೀರನ್ನು ದೊಡ್ಡ ತೊಟ್ಟಿಗಳಿಗೆ ತುಂಬಿ, ಯಂತ್ರಗಳಿಂದ ಎಡೆಬಿಡದೆ ಗಾಳಿಯನ್ನು ಊದುತ್ತಾರೆ. ಸೂಕ್ಷ್ಮಜೀವಿಗಳು ನದಿಯಲ್ಲಿ ಮಾಡುವ ಕೆಲಸವನ್ನು ತೊಟ್ಟಿಯಲ್ಲಿಯೇ ಮಾಡಿ ಮುಗಿಸುತ್ತವೆ. ಆದರೆ ಗಾಳಿ ಊದಲು ಅಪಾರ ವಿದ್ಯುತ್ತು ಬೇಕು. ಕೊಳೆಯಲ್ಲಿ ಅಡಗಿರುವ ಶಕ್ತಿಯಾದರೋ ಬಹುಮಟ್ಟಿಗೆ ವ್ಯರ್ಥವಾಗುತ್ತದೆ. ಕಸದಿಂದ ರಸ ತೆಗೆಯುವ ದಾರಿಯಿಲ್ಲವೆ?

ಆ ದಾರಿಯ ಮೊದಲ ಸುಳಿವು ಹಳೆಯದು. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ಸಿ. ಪಾಟರ್ ಅವರು, ಸೂಕ್ಷ್ಮಜೀವಿಗಳು ಸಾವಯವ ವಸ್ತುಗಳನ್ನು ವಿಭಜಿಸುವಾಗ ವಿದ್ಯುತ್ತು ಹುಟ್ಟುವುದೆಂದು 1911ರಲ್ಲಿಯೇ ತೋರಿಸಿಕೊಟ್ಟರು. ಇದರ ಮುಂದುವರಿಕೆಯಾಗಿ 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾನಿಲಯದವರೂ ನೆದರ್‌ಲೆಂಡ್ಸಿನ ವಾಗೆನಿಂಗೆನ್ ವಿಶ್ವವಿದ್ಯಾನಿಲಯದವರೂ ಬೇರೆ ಬೇರೆಯಾಗಿ ಒಂದೇ ಸಾಧನವನ್ನು ಮುಂದಿಟ್ಟರು. ಅದೇ ಸೂಕ್ಷ್ಮಜೀವಿ ವಿದ್ಯುದ್ವಿಭಜನ ಕೋಶ.

ಇದರ ರಚನೆ ಸರಳವಾದುದು. ಗಾಳಿ ಸೋಂಕದ ತೊಟ್ಟಿಯೊಂದರಲ್ಲಿ ಕೊಳಚೆನೀರನ್ನು ತುಂಬಿ, ಅದರಲ್ಲಿ ಧನಾಗ್ರ, ಋಣಾಗ್ರಗಳೆಂಬ ಎರಡು ವಿದ್ಯುದಗ್ರಗಳನ್ನು ಇಳಿಬಿಡುತ್ತಾರೆ. ಕೆಲವು ಜಾತಿಯ ಬ್ಯಾಕ್ಟೀರಿಯಗಳು ಧನಾಗ್ರದ ಮೇಲೆ ಪಾಚಿಯಂತೆ ಹಬ್ಬುತ್ತವೆ. ಉಂಡ ಆಹಾರದಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಒಪ್ಪಿಸಲು ಅಲ್ಲಿ ಆಮ್ಲಜನಕವಿಲ್ಲ. ಆದಕಾರಣ ಅವುಗಳನ್ನು ಧನಾಗ್ರಕ್ಕೆ ಒಪ್ಪಿಸುತ್ತವೆ. ಎಲೆಕ್ಟ್ರಾನುಗಳು ತಂತಿಯ ಮೂಲಕ ಋಣಾಗ್ರವನ್ನು ಸೇರಿ, ಅಲ್ಲಿ ಜಲಜನಕ ಅನಿಲ ಹೊಮ್ಮುವಂತೆ ಮಾಡುತ್ತವೆ. ಇದಕ್ಕೆ ಬ್ಯಾಕ್ಟೀರಿಯಗಳ ಬಲವೊಂದೇ ಸಾಲದು. ಹೊರಗಿನಿಂದ ಕಿಂಚಿತ್ ವಿದ್ಯುತ್ತನ್ನು ಕೊಡಬೇಕು. ಬರಿಯ ನೀರನ್ನು ವಿಭಜಿಸಲು ಸಿದ್ಧಾಂತದ ಪ್ರಕಾರ 1.23 ವೋಲ್ಟ್ ಬೇಕು. ಬ್ಯಾಕ್ಟೀರಿಯಗಳು ಅಸಿಟಿಕ್ ಆಮ್ಲವನ್ನು ಉಣ್ಣುತ್ತಿದ್ದರೆ ಸುಮಾರು 0.14 ವೋಲ್ಟ್ ಸಾಕು. ಆದರೆ ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಕೊಡಬೇಕಾಗುತ್ತದೆ.

ಪ್ರಯೋಗಶಾಲೆಯಲ್ಲಿ ಗೆದ್ದುದು ಕಾರ್ಖಾನೆಯಲ್ಲಿ ಗೆದ್ದೀತೆ? ಇದನ್ನು ಪರೀಕ್ಷಿಸಲು 2009ರಲ್ಲಿ ಕ್ಯಾಲಿಫೋರ್ನಿಯದ ನಾಪಾ ಕಣಿವೆಯ ವೈನ್ ಕಾರ್ಖಾನೆಯೊಂದರಲ್ಲಿ 1,000 ಲೀಟರ್ ಹಿಡಿಯುವ ಕೋಶವನ್ನು ಸ್ಥಾಪಿಸಿದರು. ಅದರಲ್ಲಿದ್ದ ವಿದ್ಯುದಗ್ರಗಳು 144 ಜೊತೆ. ಬ್ಯಾಕ್ಟೀರಿಯಗಳು ನೆಲೆಯೂರಲು ಸುಮಾರು 60 ದಿನಗಳು ಹಿಡಿದವು. ನೀರನ್ನು 31 ಡಿಗ್ರಿ ಸೆಲ್ಸಿಯಸ್‌ವರೆಗೆ ಬೆಚ್ಚಗೆ ಮಾಡಬೇಕಾಯಿತು. ಕೊಟ್ಟುದು 0.9 ವೋಲ್ಟ್. ನೀರು ಒಂದು ದಿನ ತೊಟ್ಟಿಯಲ್ಲಿದ್ದು ಹೊರಬರುವಷ್ಟರಲ್ಲಿ, ಕರಗಿದ್ದ ಕೊಳೆಯಲ್ಲಿ ಸರಾಸರಿ ನೂರಕ್ಕೆ 62 ಭಾಗ ಕಳೆದುಹೋಗುತ್ತಿತ್ತು.

ಆದರೆ ಬಯಸಿದ ಜಲಜನಕ ದೊರೆಯಲಿಲ್ಲ. ದೊರೆತ ಅನಿಲದಲ್ಲಿ ನೂರಕ್ಕೆ 86 ಭಾಗ ಮಿಥೇನ್, ಎಂದರೆ ನಮ್ಮ ಗೋಬರ್ ಅನಿಲದಲ್ಲಿ ಉರಿಯುವ ಅನಿಲವೇ. ಅದೇ ತೊಟ್ಟಿಯಲ್ಲಿ ಸೇರಿಕೊಂಡಿದ್ದ ಬೇರೊಂದು ಬಗೆಯ ಸೂಕ್ಷ್ಮಜೀವಿಗಳು ಜಲಜನಕವನ್ನು ಹುಟ್ಟಿದಲ್ಲಿಯೇ ಕಬಳಿಸಿ ಮಿಥೇನನ್ನಾಗಿ ಮಾರ್ಪಡಿಸುತ್ತಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಯಿತು. ಸಂಶೋಧಕರು ಇದನ್ನು ಮರೆಮಾಚದೆ, ಅಂಕಿಅಂಶಗಳ ಸಮೇತ 2011ರಲ್ಲಿ ಪ್ರಕಟಿಸಿದರು.

ಮುಂದೆ, ಪಾಟರ್ ಅವರ ನ್ಯೂಕ್ಯಾಸಲ್ಲಿನವರೇ 120 ಲೀಟರಿನ ಕೋಶವೊಂದರಲ್ಲಿ ಊರಿನ ಕೊಳಚೆನೀರನ್ನು ಹರಿಸಿದರು. ವಿದ್ಯುದಗ್ರಗಳ ನಡುವೆ ತಡೆಯೊಂದನ್ನು ಇರಿಸಿ, ಹೆಚ್ಚುಕಡಿಮೆ ಶುದ್ಧವಾದ ಜಲಜನಕವನ್ನೇ ಪಡೆದರು. ಆದರೆ 2013ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಒಳಗೆ ಕೊಟ್ಟ ವಿದ್ಯುತ್ ಶಕ್ತಿಯಲ್ಲಿ ಜಲಜನಕದ ರೂಪದಲ್ಲಿ ಹಿಂದಿರುಗಿದುದು ನೂರಕ್ಕೆ ಸುಮಾರು 70 ಭಾಗ ಮಾತ್ರ.

ಕೊಟ್ಟುದಕ್ಕಿಂತ ಪಡೆದುದು ಕಡಿಮೆಯಾಯಿತೆಂದು ಈ ಯತ್ನವನ್ನು ಹಳಿಯುವುದು ಸುಲಭ. ಆದರೆ ಗಾಳಿ ಊದುವ ತೊಟ್ಟಿಯಲ್ಲಿ ಆ ಕೆಲಸಕ್ಕೆ ವ್ಯಯಿಸಿದ ವಿದ್ಯುತ್ತಿನಲ್ಲಿ ಕಿಂಚಿತ್ತೂ ಹಿಂದಿರುಗದೆಂಬುದನ್ನು ಮರೆಯಲಾಗದು. ನಾವು ಹೊಲಸೆಂದು ಮುಖ ತಿರುಗಿಸುವ ನೀರಿನಲ್ಲಿ ಕಣ್ಣಿಗೆ ಕಾಣದ ದುಡಿಮೆಗಾರರಿದ್ದಾರೆ. ಅವರ ದುಡಿಮೆಯ ಫಲ ಕೈತಪ್ಪಿಹೋಗದಂತೆ ನೋಡಿಕೊಳ್ಳುವ ವಿದ್ಯೆಯನ್ನು ಮನುಷ್ಯನು ಇನ್ನೂ ಪೂರ್ತಿಯಾಗಿ ಕಲಿಯಬೇಕಾಗಿದೆ.