ನೂಕುವ ಮೊದಲು

ಮಗಾ, ಕ್ಯಾಥ್‌ಲ್ಯಾಬಿನಲ್ಲಿ ನಿನಗೆ ಕೈ ಕುದುರುತ್ತಿದೆ ಎಂದು ನಿನ್ನಮ್ಮ ಹೇಳಿದಳು. ಫೋನಿನಲ್ಲಿ ಹೇಳಿ ಮುಗಿಯದ್ದನ್ನು ಕುವೈತಿನ ಮೈದಾನ್ ಹವಲ್ಲಿಯ ಈ ಫ್ಲಾಟಿನಿಂದ ಬರೆಯುತ್ತಿದ್ದೇನೆ.

ಹೃದಯದ ನೇರ ನಾಳಕ್ಕೆ ಸ್ಟೆಂಟ್ ಹಾಕುವುದು ಬೇಗ ಬರುತ್ತದೆ. ವಯಸ್ಸಾದವರಲ್ಲಿ, ಹಳೆಯ ಬಿಪಿ ಇರುವವರಲ್ಲಿ ನಾಳ ತಿರುಚಿಕೊಂಡಿರುತ್ತದೆ. ಇಲ್ಲಿ ಜಾಬ್ರಿಯಾದ ಮುಬಾರಕ್ ಅಲ್ ಕಬೀರ್ ಆಸ್ಪತ್ರೆಗೆ ಬರುವ ಅರಬ್ ಅಜ್ಜನಾದರೂ ಅಷ್ಟೆ, ಬೆಂಗಳೂರಿನ ಜಯದೇವಕ್ಕೆ ಬರುವ ಮಂಡ್ಯದ ರೈತನಾದರೂ ಅಷ್ಟೆ. ತಂತಿ ಸಲೀಸಾಗಿ ತಿರುವು ದಾಟುತ್ತದೆ, ಬಿರುಸಾದ ಸ್ಟೆಂಟ್ ನಿಂತುಬಿಡುತ್ತದೆ. ಹುಡುಗರು ಎಡವುವುದು ಇಲ್ಲೇ: ನೂಕುತ್ತಾರೆ. ಗೈಡ್ ಕ್ಯಾಥೆಟರ್ ನಾಳದ ಬಾಯಿಂದ ಕಳಚುತ್ತದೆ, ಜೊತೆಗೆ ತಂತಿಯೂ ಹೋಗುತ್ತದೆ.

ಬಲ ಬೇಕಾದದ್ದು ಹಿಂದುಗಡೆ, ಗೈಡಿನಲ್ಲಿ. ಬಲಗಡೆಯ ನಾಳ ಹೊರಡುವಲ್ಲೇ ಕೊಕ್ಕೆಯಂತೆ ಮೇಲಕ್ಕೆ ಬಾಗಿದ್ದರೆ ಜಡ್ಕಿನ್ಸ್ ಗೈಡ್ ಹಿಡಿದು ಹೆಣಗಬೇಡ, ಆಂಪ್ಲಾಟ್ಜ್ ಗೈಡ್ ಯೋಚಿಸು. ಮೊದಲು ಮೆತ್ತನೆಯ ತಂತಿ ದಾಟಿಸು. ಆಮೇಲೆ ಮೈಕ್ರೊಕ್ಯಾಥೆಟರ್ ಮೂಲಕ ಗಟ್ಟಿ ತಂತಿಗೆ ಬದಲಿಸು, ಇಲ್ಲವೇ ಪಕ್ಕದಲ್ಲೇ ಎರಡನೆಯ ತಂತಿ ಇಳಿಸು. ಸುಣ್ಣ ಕಟ್ಟಿದ್ದರೆ ಬಲೂನಿನಿಂದ ಚೆನ್ನಾಗಿ ಹಿಗ್ಗಿಸದೆ ಸ್ಟೆಂಟ್ ಮುಟ್ಟಲೇಬೇಡ. ಇಷ್ಟಾದರೂ ಹೋಗದಿದ್ದರೆ ಗೈಡ್ ಎಕ್ಸ್‌ಟೆನ್ಶನ್ ಇದೆ: ಕ್ಯಾಥೆಟರಿನೊಳಗಿನ ಕ್ಯಾಥೆಟರ್. ಅದನ್ನು ಬಲೂನಿನ ಮೇಲೆ ಜಾರಿಸಿಕೊಂಡೇ ಒಳಗೆ ಒಯ್ಯಿ. ಪ್ರೆಶರ್ ಗೆರೆ ಕುಗ್ಗಿದ್ದರೆ ಡೈ ಚುಚ್ಚಬೇಡ, ನಾಳದ ಪದರ ಸೀಳೀತು.

ಹೀಗೆ ತಂತಿ ಬದಲಿಸುವ ಅನುಕೂಲ ಮೊದಲು ಇರಲಿಲ್ಲ. 1977ರಲ್ಲಿ ಜ್ಯೂರಿಚ್‌ನಲ್ಲಿ ಗ್ರುಂಟ್ಸಿಗ್ ಮೊದಲ ಆಂಜಿಯೋಪ್ಲಾಸ್ಟಿ ಮಾಡಿದಾಗ ತಂತಿಯ ತುಣುಕು ಬಲೂನಿನ ತುದಿಗೇ ಅಂಟಿಕೊಂಡಿತ್ತು. ಬೇರೆಯಾಗಿ ಓಡಾಡುವ ತಂತಿಯನ್ನು ಜಾನ್ ಸಿಂಪ್ಸನ್ ಆಮೇಲೆ ತಂದ. ನಿನ್ನ ಟ್ರೇಯಲ್ಲಿರುವ ಇಷ್ಟೊಂದು ಬಗೆಯ ತಂತಿಗಳನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು.

ಈ ತಂತಿಗಳದೇ ಒಂದು ಮೋಸವಿದೆ. ಲಂಗಕ್ಕೆ ಲಾಡಿ ಪೋಣಿಸುವಾಗ ಬಟ್ಟೆ ನೆರಿಗೆಗಟ್ಟುವಂತೆ, ಗಟ್ಟಿ ತಂತಿ ಬಾಗಿದ ನಾಳವನ್ನು ನೇರ ಮಾಡಿದಾಗ ಗೋಡೆ ಮಡಚಿಕೊಂಡು ಹೊಸ ಬ್ಲಾಕಿನಂತೆ ಕಾಣುತ್ತದೆ. ಗಾಬರಿಯಲ್ಲಿ ಅಲ್ಲಿಗೂ ಸ್ಟೆಂಟ್ ಹಾಕಿದವರಿದ್ದಾರೆ! ತಂತಿಯನ್ನು ಪೂರ್ತಿ ತೆಗೆಯಬೇಡ. ಮೆತ್ತನೆಯ ತುದಿ ಮಾತ್ರ ತಿರುವಿನಲ್ಲಿ ಉಳಿಯುವಷ್ಟು ಹಿಂದೆಳೆದು ಮತ್ತೆ ಚಿತ್ರ ತೆಗೆ. ಮಡಿಕೆಯಾಗಿದ್ದರೆ ಬಿಚ್ಚಿಕೊಳ್ಳುತ್ತದೆ.

ಎಲ್ಲ ಮಾಡಿಯೂ ಸ್ಟೆಂಟ್ ಹೋಗದಿದ್ದರೆ ವಾಪಸ್ ತಾ. ಆಗಲೂ ಜಗ್ಗಬೇಡ. ಗೈಡಿನ ಬಾಯಿಗೆ ಓರೆಯಾಗಿ ತಾಗಿದರೆ ಅದು ಬಲೂನಿನಿಂದ ಕಳಚಿ ಒಳಗೇ ಉಳಿದೀತು. ಸೀನಿಯರನ್ನು ಕರೆ, ಸರ್ಜನ್ ಜೊತೆ ಮಾತಾಡು. ಆಗಲಿಲ್ಲ ಎಂಬುದನ್ನು ಮನೆಯವರಿಗೆ ನೀನೇ ಹೋಗಿ ಹೇಳು, ನರ್ಸ್ ಕೈಲಿ ಹೇಳಿಸಬೇಡ.