ಮುಂಗಡ ಕೊಡುವ ಮುನ್ನ ಯಾರ ಸಹಿ ಬೇಕೆಂದು ನೋಡಿ

ಊರಂಚಿನ ಬಡಾವಣೆಯಲ್ಲಿ ಒಂದು 30×40 ಸೈಟು ಕೊಳ್ಳಲು ಹೊರಟವರಿಗೆ ಮಧ್ಯವರ್ತಿಗಳು ಮೊದಲು ಹೇಳುವ ಮಾತು: ‘ಇ-ಖಾತೆ ಆಗಿದೆ, ನಾಳೆ ಟೋಕನ್ ಕೊಟ್ಟುಬಿಡಿ.’ ಅವಸರ ಬೇಡ. ಖಾತೆ ತೋರಿಸುವುದು ತೆರಿಗೆ ಕಟ್ಟುವವರು ಯಾರೆಂಬುದನ್ನು. ಮಾಲೀಕತ್ವಕ್ಕೆ ಅದೊಂದೇ ಪುರಾವೆಯಲ್ಲ. ರಾಜ್ಯದಲ್ಲಿ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದ್ದರೂ ಜಮೀನಿನ ಮೂಲ ಹುಡುಕುವ ಕೆಲಸ ಕೊಳ್ಳುವವರದ್ದೇ.

1. ಸರ್ವೆ ನಂಬರಿನಿಂದ ಶುರು ಮಾಡಿ

ಸೈಟು ಯಾವ ಸರ್ವೆ ನಂಬರಿನಲ್ಲಿದೆ ಎಂದು ಕೇಳಿ, ಅದರ ಪಹಣಿ ಮತ್ತು ಮ್ಯುಟೇಷನ್‌ಗಳನ್ನು ‘ಭೂಮಿ’ ತಂತ್ರಾಂಶದಲ್ಲಿ ನೀವೇ ತೆಗೆಯಿರಿ. ಕೃಷಿ ಜಮೀನಾಗಿದ್ದರೆ ವಾಸದ ಉದ್ದೇಶಕ್ಕೆ ಭೂಪರಿವರ್ತನೆ ಆಗಿರಬೇಕು. ಬಡಾವಣೆ ನಕ್ಷೆಯ ಮೇಲೆ ಪಂಚಾಯಿತಿ ಮೊಹರು ಇದ್ದರೆ ಸಾಲದು, ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕು. ಹಳ್ಳಿ ವ್ಯಾಪ್ತಿಯಲ್ಲಿ ನಮೂನೆ 9 ಮತ್ತು 11ಎ ಕೇಳಿ. 11ಬಿ ಕೊಟ್ಟರೆ ಅನುಮೋದನೆಯಲ್ಲಿ ಕೊರತೆಯಿದೆ ಎಂದೇ ತಿಳಿಯಿರಿ.

ಪಹಣಿಯಲ್ಲಿ ಖರಾಬು ಎಷ್ಟಿದೆ ಎಂಬುದನ್ನೂ ನೋಡಿ. ‘ಬಿ’ ಖರಾಬು ಎಂದರೆ ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಜಾಗ. ಅದರ ಮೇಲೆ ಸೈಟು ಬಿದ್ದಿದ್ದರೆ ಕಾಗದ ಎಷ್ಟೇ ಚೆನ್ನಾಗಿದ್ದರೂ ಉಳಿಯುವುದಿಲ್ಲ. ಮೂಲ ಜಮೀನು ಸರ್ಕಾರದಿಂದ ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಮಂಜೂರಾಗಿದ್ದರಂತೂ ಇನ್ನೂ ಎಚ್ಚರ ಬೇಕು. 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅಸಿಂಧು. ಇದನ್ನು ಪ್ರಶ್ನಿಸಲು ಕಾಲಮಿತಿ ಅನ್ವಯಿಸದಂತೆ 2023ರಲ್ಲಿ ತಿದ್ದುಪಡಿಯೂ ಆಗಿದೆ.

2. ವಂಶವೃಕ್ಷ ಹಿಡಿದು ಊರಿಗೆ ಹೋಗಿ

ಸಣ್ಣ ಹೂಡಿಕೆದಾರರು ಹೆಚ್ಚು ಎಡವುವುದು ಇಲ್ಲಿ. ಪಹಣಿಯಲ್ಲಿ ಹಿರಿಯ ಮಗನ ಹೆಸರೊಂದೇ ಇರುತ್ತದೆ, ಅವರು ಸಹಿ ಹಾಕುತ್ತಾರೆ, ನೋಂದಣಿಯೂ ಆಗುತ್ತದೆ. ನಾಲ್ಕು ವರ್ಷ ಕಳೆದು ಮದುವೆಯಾಗಿ ಹೋದ ಮಗಳು ಪಾಲಿನ ದಾವೆ ಹೂಡಿದಾಗ ಕೊಂಡವರು ಪ್ರತಿವಾದಿಗಳಾಗುತ್ತಾರೆ. ಆಕೆಯ ಬೇಡಿಕೆ ನ್ಯಾಯವಾದದ್ದೇ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆ. ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೂ ಮೊದಲೇ ನಡೆದ ವಿಭಾಗ, ಮಾರಾಟಗಳಿಗೆ ಮಾತ್ರ ರಕ್ಷಣೆ ಉಂಟು.

ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಡುವುದುಂಟು. ಆದ್ದರಿಂದ ಊರಿಗೆ ಹೋಗಿ, ಅಕ್ಕಪಕ್ಕದ ಮನೆಯವರನ್ನು ಮಾತನಾಡಿಸಿ: ಮಕ್ಕಳೆಷ್ಟು, ತೀರಿಕೊಂಡ ಮಗನಿಗೆ ಹೆಂಡತಿ ಮಕ್ಕಳಿದ್ದಾರೆಯೇ? ತಂದೆ ಸ್ವಂತ ದುಡಿಮೆಯಿಂದ ಕೊಂಡದ್ದಾದರೆ ಅವರ ಸಹಿ ಸಾಕು. ಅವರು ವಿಲ್ ಬರೆಯದೆ ತೀರಿಕೊಂಡಿದ್ದರೆ ಪತ್ನಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ವಾರಸುದಾರರು. ಒಂದೋ ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇರಬೇಕು. ಅಪ್ರಾಪ್ತ ವಯಸ್ಸಿನವರ ಸ್ವಂತ ಪಾಲಿದ್ದರೆ ಅದನ್ನು ಮಾರಲು ನ್ಯಾಯಾಲಯದ ಅನುಮತಿ ಬೇಕು. ಹೆಣ್ಣುಮಕ್ಕಳ ಪಾಲು ತಪ್ಪಿಸಿ ಮಾರುತ್ತಿರುವ ಸೈಟು ಅಗ್ಗವಾಗಿ ಸಿಕ್ಕರೂ ಬೇಡ.

3. ಇ.ಸಿ. ಹೇಳದ್ದನ್ನು ಬೇರೆಡೆ ಹುಡುಕಿ

ಕನಿಷ್ಠ 30 ವರ್ಷದ ಋಣಭಾರ ಪತ್ರ (ಇ.ಸಿ.) ತೆಗೆಯಿರಿ; ಸೈಟಿನದ್ದು ಮಾತ್ರವಲ್ಲ, ಮೂಲ ಸರ್ವೆ ನಂಬರಿನದ್ದೂ. ನೋಂದಣಿಯಾದ ವ್ಯವಹಾರಗಳಷ್ಟೇ ಅದರಲ್ಲಿ ಕಾಣುತ್ತವೆ. ನೋಂದಾಯಿಸದ ಕರಾರು, ನ್ಯಾಯಾಲಯದಲ್ಲಿರುವ ದಾವೆ ಕಾಣದಿರಬಹುದು. ದಾವೆಗಳನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರಿನಿಂದ ಹುಡುಕಬಹುದು.

4. ಹಣ ಕೊಡುವುದು ಕೊನೆಗೆ

ಬಡಾವಣೆಯ ಜಾಗ 500 ಚದರ ಮೀಟರ್ ಮೀರಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. ಅದಾಗುವ ಮೊದಲು ಜಾಹೀರಾತು ಕೊಡುವಂತೆಯೂ ಇಲ್ಲ, ಬುಕಿಂಗ್ ಪಡೆಯುವಂತೆಯೂ ಇಲ್ಲ. ಕರಾರು ನೋಂದಣಿಯಾಗುವವರೆಗೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವುದನ್ನೂ ಕಾಯ್ದೆ ತಡೆದಿದೆ.

ಮುಂಗಡವನ್ನು ಬ್ಯಾಂಕ್ ಮೂಲಕವೇ ಕೊಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿರ್ಬಂಧವಿದೆ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ 1 ಟಿಡಿಎಸ್ ಕಡಿತ ಮಾಡಿ ಕಟ್ಟಬೇಕು. ಕ್ರಯಪತ್ರದ ಬದಲು ಜಿಪಿಎ ಬರೆದುಕೊಡುತ್ತೇವೆ ಎಂದರೆ ಒಪ್ಪಬೇಡಿ. ಅದರಿಂದ ಮಾಲೀಕತ್ವ ವರ್ಗವಾಗದೆಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್ ಸೇರಿ ನಗರ ಪ್ರದೇಶದಲ್ಲಿ ಸುಮಾರು ಶೇ 7.6 ಆಗುತ್ತದೆ. ಎಂದರೆ 30 ಲಕ್ಷದ ಸೈಟಿಗೆ ಎರಡೂಕಾಲು ಲಕ್ಷ ದಾಟುತ್ತದೆ. ಇದನ್ನು ಮೊದಲೇ ತೆಗೆದಿಡಿ.

ನೋಂದಣಿಯಾದ ಮೇಲೆ ಖಾತೆ ಬದಲಿಸಿ, ಸೈಟಿಗೆ ಬೇಲಿ ಹಾಕಿಸಿ. ಎರಡು ವರ್ಷ ಮೀರಿ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇ 12.5 ತೆರಿಗೆ.

ದಾಖಲೆ ಪರಿಶೀಲನೆಗೆ ನಿಮ್ಮದೇ ವಕೀಲರನ್ನು ಗೊತ್ತುಮಾಡಿಕೊಳ್ಳಿ, ಮಾರುವವರು ತೋರಿಸಿದವರನ್ನಲ್ಲ. ದಾಖಲೆಗಳ ನಕಲು ಕೊಡಲು ಹಿಂದೇಟು ಹಾಕುವವರ ಸೈಟನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ.