ಡೇರೆಯೊಳಗಿನ ಶತ್ರು

ಸಿಪಾಯಿಗೆ ಶತ್ರು ಯಾರು?

ನಮ್ಮ ರಾತ್ರಿ ತರಗತಿಯಲ್ಲಿ ಈ ಪ್ರಶ್ನೆ ಕೇಳಿದೆ. "ಗಡಿ ಆಚೆ ಇರೋನು" ಅಂದರು ಒಬ್ಬರು. "ಗುಂಡು ಹೊಡೆಯೋನು" ಅಂದರು ಇನ್ನೊಬ್ಬರು. ಹಿಂದೆ ಕೂತಿದ್ದ ಮಿಲಿಟರಿ ತಾತ ನಕ್ಕರು. ತಾತ ಸೈನ್ಯದಲ್ಲಿದ್ದು ನಿವೃತ್ತಿಯಾದವರು. ಅಕ್ಷರ ಕಲಿಯುತ್ತಿರುವುದು ಅವರ ಹೆಂಡತಿ. ಕತ್ತಲಲ್ಲಿ ಜೊತೆಗಿರಲಿ ಎಂದು ತಾತನೂ ಬರುತ್ತಾರೆ.

"ಹಲಗೆ ಮೇಲೆ ಸೊಳ್ಳೆ ಅಂತ ಬರೀರಿ ಮೇಷ್ಟ್ರೇ" ಅಂದರು. "ಅದರ ಕೆಳಗೆ ಇಲಿ. ಅದರ ಕೆಳಗೆ ಉಣ್ಣೆ."

ತಾತ ತಮಾಷೆ ಮಾಡಲಿಲ್ಲ. 1943ರಲ್ಲಿ ಬರ್ಮಾ ದೇಶದ ಗಡಿಯಲ್ಲಿ ದೊಡ್ಡ ಯುದ್ಧ ನಡೆಯುತ್ತಿತ್ತು. ನಮ್ಮ ದೇಶದ ಸಾವಿರಾರು ಸಿಪಾಯಿಗಳು ಅಲ್ಲಿದ್ದರು. ಅವರ ದಂಡನಾಯಕರ ಹೆಸರು ಸ್ಲಿಮ್. ಅವರು ಒಂದು ಲೆಕ್ಕ ಬರೆದಿಟ್ಟಿದ್ದಾರೆ. ಗಾಯವಾದ ಒಬ್ಬ ಸಿಪಾಯಿಯನ್ನು ಆಸ್ಪತ್ರೆಗೆ ಸಾಗಿಸಿದರೆ, ಕಾಯಿಲೆ ಬಿದ್ದ 120 ಜನರನ್ನು ಸಾಗಿಸಬೇಕಿತ್ತಂತೆ. ಒಂದಕ್ಕೆ ನೂರಿಪ್ಪತ್ತು!

ಬರ್ಮಾ ದೂರ ಆಯಿತು. ನಮ್ಮ ಪಕ್ಕದ ಶ್ರೀರಂಗಪಟ್ಟಣಕ್ಕೆ ಬನ್ನಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದರು. ಇಂಗ್ಲಿಷರ ಪಡೆ ಅಲ್ಲೇ ಬೀಡುಬಿಟ್ಟಿತು. ಕೋಟೆ ಗೆದ್ದವರು ಜ್ವರಕ್ಕೆ ಸೋತರು. 1809ರಲ್ಲಿ ಪಡೆಯನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು ಹೀಗೆ. ಜ್ವರ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಆಗಿನವರು ನಂಬಿದ್ದರು. ಮಲೇರಿಯಾ ಎಂಬ ಮಾತಿನ ಅರ್ಥವೇ ಕೆಟ್ಟ ಗಾಳಿ.

ಅದೇ ದಂಡಿಗೆ 1883ರಲ್ಲಿ ಒಬ್ಬ ಯುವ ವೈದ್ಯರು ಬಂದರು. ಹೆಸರು ರೊನಾಲ್ಡ್ ರಾಸ್. ಅವರ ಬಂಗಲೆ ತುಂಬ ಸೊಳ್ಳೆ. ಎಲ್ಲಿಂದ ಬರುತ್ತವೆ ಎಂದು ಹುಡುಕಿದರು. ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ ಇತ್ತು. ಅದರೊಳಗೆ ಸಣ್ಣ ಹುಳುಗಳು ಕುಣಿಯುತ್ತಿದ್ದವು. ಅವೇ ಸೊಳ್ಳೆಯ ಮರಿಗಳು. ರಾಸ್ ತೊಟ್ಟಿಯನ್ನು ಬೋರಲು ಹಾಕಿದರು. ಸೊಳ್ಳೆ ಕಡಿಮೆಯಾಯಿತು. ಅಧಿಕಾರಿಗಳು ಊಟ ಮಾಡುವ ಮನೆಯಲ್ಲೂ ಹೀಗೇ ಮಾಡೋಣ ಎಂದು ಕೇಳಿದರು. ಅಲ್ಲಿನ ಅಧಿಕಾರಿ ಒಪ್ಪಲಿಲ್ಲವಂತೆ. ಸೊಳ್ಳೆಯೂ ಏನೋ ಕಾರಣಕ್ಕೆ ಹುಟ್ಟಿದೆ, ನಾವು ಸಹಿಸಿಕೊಳ್ಳಬೇಕು ಎಂದರಂತೆ! ನಮ್ಮ ಊರಲ್ಲೂ ಹೀಗೆ ಹೇಳುವವರನ್ನು ನಾನು ಕಂಡಿದ್ದೇನೆ.

ಇದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ನಮ್ಮ ಮಹಾರಾಜರ ಕುದುರೆ ಪಡೆಯ ಹೆಸರು ಮೈಸೂರು ಲ್ಯಾನ್ಸರ್ಸ್. 1918ರ ಬೇಸಿಗೆಯಲ್ಲಿ ಈ ಪಡೆ ದೂರದ ಜೋರ್ಡಾನ್ ಕಣಿವೆಯಲ್ಲಿತ್ತು. ಸುಡುವ ಬಿಸಿಲು, ಜೊಂಡು ಬೆಳೆದ ಜೌಗು ನೆಲ. ಅಲ್ಲಿದ್ದ ಪಡೆಗಳು ಜೊಂಡು ಕಡಿದವು. ನಿಂತ ನೀರಿಗೆ ಕಾಲುವೆ ತೋಡಿದವು. ಹರಿಯದ ಗುಂಡಿಗೆ ಎಣ್ಣೆ ಸುರಿದವು. ಇದೂ ಯುದ್ಧದ ಕೆಲಸವೇ. ಸೆಪ್ಟೆಂಬರ್ 23ರಂದು ಮೈಸೂರಿನ ಮತ್ತು ಜೋಧಪುರದ ಸವಾರರು ಹೈಫಾ ಪಟ್ಟಣ ಗೆದ್ದರು. ಆದರೆ ಸೇನೆ ಶತ್ರುವಿನ ನೆಲಕ್ಕೆ ನುಗ್ಗಿತ್ತಲ್ಲ, ಅಲ್ಲಿ ಯಾರೂ ನೀರು ಬಸಿದಿರಲಿಲ್ಲ. ಅಕ್ಟೋಬರ್ ಹೊತ್ತಿಗೆ ಸಾವಿರಾರು ಜನ ಮಲೇರಿಯಾದಿಂದ ಮಲಗಿದರು.

ಇಷ್ಟು ಓದಿದ ಮೇಲೆ ನಾನು ಕೇಳಿದೆ: ನಮ್ಮ ಡೇರೆ ಯಾವುದು?

ಹುಣಸೂರು, ಪಿರಿಯಾಪಟ್ಟಣದವರು "ಬ್ಯಾರನ್" ಅಂದರು. ನಿಜ. ಹೊಗೆಸೊಪ್ಪು ಬೇಯಿಸುವಾಗ ರಾತ್ರಿಯೆಲ್ಲ ಬೆಂಕಿ ನೋಡಬೇಕು. ಸೌದೆ ರಾಶಿಯ ಪಕ್ಕ ಗೋಣಿಚೀಲ ಹಾಸಿ ಒರಗುತ್ತೇವೆ. ಪಕ್ಕದಲ್ಲೇ ನೀರಿನ ಡ್ರಮ್ಮು. ಸೊಳ್ಳೆ ಮೊಟ್ಟೆಯಿಟ್ಟು, ಮರಿ ಬೆಳೆದು ಹಾರಲು ಒಂದು ವಾರ, ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ ಉಜ್ಜಬೇಕು. ನಾಲ್ಕು ಕೋಲು ನೆಟ್ಟು ಪರದೆ ಕಟ್ಟಿಕೊಳ್ಳಿ, ಆದರೆ ಬೆಂಕಿಯಿಂದ ದೂರ.

ಎಚ್.ಡಿ. ಕೋಟೆಯವರಿಗೆ ಕಾಡಂಚೇ ಡೇರೆ. ಅಲ್ಲಿ ಉಣ್ಣೆಯ ಭಯ. ಮಂಗನ ಕಾಯಿಲೆಯನ್ನು ಹರಡುವುದು ಉಣ್ಣೆ. 1957ರಲ್ಲಿ ಇದು ಮೊದಲು ಕಂಡದ್ದು ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2012ರಲ್ಲಿ ನಮ್ಮ ಬಂಡೀಪುರದಲ್ಲೂ ಮಂಗಗಳು ಸತ್ತವು. ಅವುಗಳ ವಿಲೇವಾರಿ ಮಾಡಿದ ಕೆಲಸಗಾರರಿಗೂ ಜ್ವರ ಬಂತು. ಸತ್ತ ಮಂಗವನ್ನು ಮುಟ್ಟಬೇಡಿ. ಅರಣ್ಯ ಇಲಾಖೆಗೋ ಆಶಾ ಅಕ್ಕನಿಗೋ ತಿಳಿಸಿ. ಕಾಡಿಗೆ ಹೋಗುವಾಗ ತುಂಬು ತೋಳಿನ ಅಂಗಿ ಹಾಕಿ. ಬಂದ ಕೂಡಲೇ ಬಟ್ಟೆ ಬಿಚ್ಚಿ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು ನೋಡಿಕೊಳ್ಳಿ.

ಕೆ.ಆರ್. ನಗರ ಭತ್ತದ ಸೀಮೆ. ಬದುವಿನ ಬಿಲದಲ್ಲಿ ಇಲಿ. ಇಲಿಯ ಉಚ್ಚೆ ಗದ್ದೆ ನೀರಿಗೆ ಸೇರುತ್ತದೆ. ಕಾಲಿನ ಬಿರುಕು, ಗಾಯದ ಮೂಲಕ ರೋಗಾಣು ಮೈಗೆ ಇಳಿಯುತ್ತದೆ. ಇದೇ ಇಲಿಜ್ವರ. ಮೊದಲ ಮಹಾಯುದ್ಧದಲ್ಲಿ ಕಂದಕದ ಕೆಸರಿನಲ್ಲಿ ನಿಂತ ಸಿಪಾಯಿಗಳಿಗೂ ಇದು ಬಂದಿತ್ತು.

ಕೆ.ಆರ್. ನಗರ ಕಡೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದ ಅಕ್ಕ ಒಬ್ಬರು ಆಗ ಮಾತಾಡಿದರು. ಅವರ ತಮ್ಮನಿಗೆ ನಾಟಿ ಮುಗಿದ ಎರಡನೇ ವಾರ ಜ್ವರ ಬಂತು. ಮೀನಖಂಡ ಮುಟ್ಟಿದರೆ ಕೂಗುತ್ತಿದ್ದ. ಕಣ್ಣು ಕೆಂಪಾಯಿತು, ಆಮೇಲೆ ಹಳದಿಯಾಯಿತು. ಕಾಮಾಲೆ ಎಂದುಕೊಂಡು ಸೊಪ್ಪಿನ ಔಷಧಿ ಕೊಡಿಸಿದರು, ಪಥ್ಯ ಮಾಡಿಸಿದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಉಚ್ಚೆ ನಿಂತುಹೋಗಿತ್ತು. ಹುಡುಗ ಉಳಿಯಲಿಲ್ಲ. ಆರು ದಿನ ಮೊದಲೇ ಹೋಗಿದ್ದರೆ ಮಾತ್ರೆಯಲ್ಲೇ ವಾಸಿಯಾಗಬಹುದಿತ್ತು.

ಅಕ್ಕ ಸ್ಲೇಟು ಕೆಳಗಿಟ್ಟು ಕೇಳಿದರು: "ಸಿಪಾಯಿಗೆ ಸರ್ಕಾರ ಬೂಟು ಕೊಡ್ತದೆ. ನಮಗೆ ಯಾರು ಕೊಡ್ತಾರೆ ಮೇಷ್ಟ್ರೇ? ಬೂಟು ಹಾಕ್ಕೊಂಡು ನಾಟಿ ಮಾಡೋಕಾಯ್ತದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಸರಲ್ಲಿ ಬೂಟು ಹೂತುಹೋಗುತ್ತೆ. ನಾನೂ ಗದ್ದೆಗೆ ಇಳಿದವನೇ.

ತಾತ ಅಂದರು: "ಬೂಟಿಲ್ದಿದ್ರೆ ಗಾಯ ಇರೋರು ಆ ದಿನ ನೀರಿಗೆ ಇಳೀಬ್ಯಾಡಿ ಕಣವ್ವ. ಇಳಿದ್ರೆ ಗಾಯ ಮುಚ್ಚಿ ಕಟ್ಟಿ. ಮೇಲೆ ಬಂದು ಒಳ್ಳೇ ನೀರಲ್ಲಿ ಸೋಪು ಹಾಕಿ ತೊಳೀರಿ. ನಮಗೆ ಜ್ವರ ಬಂದ್ರೆ ಮಿಲಿಟರಿ ಡಾಕ್ಟ್ರು ಮೊದಲು ಕೇಳ್ತಿದ್ದದ್ದು, ಎಲ್ಲಿದ್ದೆ ನೀನು ಅಂತ. ಇಲ್ಲಿ ಡಾಕ್ಟ್ರು ಕೇಳ್ದೇ ಇದ್ರೂ ನೀವೇ ಹೇಳಿ."

ಆ ರಾತ್ರಿ ಎಲ್ಲರೂ ಒಂದು ಚೀಟಿ ಬರೆದೆವು. ಅಕ್ಕನ ಅಕ್ಷರ ಸ್ವಲ್ಪ ಸೊಟ್ಟ, ಆದರೆ ತಪ್ಪಿರಲಿಲ್ಲ. ನೀವೂ ಬರೆಯಿರಿ. ಖಾಲಿ ಬಿಟ್ಟ ಜಾಗ ತುಂಬಿರಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಇದನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ.

ಡಾಕ್ಟರೇ,
ನನ್ನ ಹೆಸರು ..............
ನನಗೆ ........ ದಿನದಿಂದ ಜ್ವರ.
ನಾನು ಗದ್ದೆಗೆ / ಕಾಡಿಗೆ / ಬ್ಯಾರನ್ ಕೆಲಸಕ್ಕೆ ಹೋಗಿದ್ದೆ.
ನನ್ನ ಕಾಲಿನಲ್ಲಿ ಗಾಯ ಇದೆ / ಇಲ್ಲ.
ಉಣ್ಣೆ ಕಚ್ಚಿದೆ / ಕಚ್ಚಿಲ್ಲ.
ಸಹಿ ..............